ಎರಡು ಸಲ ತಟ್ಟಿದರೆ ಇಲ್ಲ

ಜನವರಿ 8, 2025, ಬುಧವಾರ

ಮೂರು ವಾರ ಬಾಯಿ ಬಂದ್. ಪಿಸುಮಾತೂ ಕೂಡದು ಎಂದರು ಡಾಕ್ಟರು. ಪಿಸುಗುಟ್ಟುವಾಗ ಗಂಟಲಿಗೆ ದುಡಿಮೆ ಇನ್ನೂ ಜಾಸ್ತಿಯಂತೆ. ಈ ತೀರ್ಥಪ್ಪ ಪಿಸುಗುಟ್ಟಿದ ದಾಖಲೆ ಬೀರೂರಿನಲ್ಲಿ ಎಲ್ಲೂ ಇಲ್ಲ, ಹಾಗಾಗಿ ಆ ಬಾಬ್ತಿನಲ್ಲಿ ನಷ್ಟವಿಲ್ಲ.

ದನಿತಂತಿಯ ಮೇಲೆ ಬೆಳೆದಿದ್ದ ಗಂಟನ್ನು ನಿನ್ನೆ ತೆಗೆದರು. ಎಂಥ ಗಂಟು ಎಂದು ಪರೀಕ್ಷೆಗೆ ಕಳಿಸಿದ್ದಾರೆ. "ದನಿ ವಾಪಸ್ ಬರುತ್ತಾ?" ಎಂದು ಚೀಟಿ ಬರೆದು ತೋರಿಸಿದೆ. "ನೋಡೋಣ" ಎಂದರು. ನೋಡೋಣ ಎಂದ ಗಿರಾಕಿ ನನ್ನ ಸವಾಲಿನಲ್ಲಿ ಇದುವರೆಗೆ ಒಂದು ಕಾಯಿಯನ್ನೂ ಕೊಂಡಿಲ್ಲ.

ಬೀರೂರಿನ ತೆಂಗಿನಕಾಯಿ ಮಂಡಿಯಲ್ಲಿ ಸವಾಲು ಕೂಗುವುದು, ಅಂದರೆ ಹರಾಜು ಹಾಕುವುದು, ನನ್ನ ಕಸುಬು. ಸ್ಟೇಷನ್ನಿನಲ್ಲಿ ಮೂಟೆ ಹೊರುತ್ತಿದ್ದವನು ಗಂಟಲು ಹಿಡಿದುಕೊಂಡೇ ಮೇಲೆ ಹತ್ತಿದೆ. ಹೊಲ ಇರಲಿಲ್ಲ, ಓದು ಇರಲಿಲ್ಲ. ಗೂಡ್ಸ್ ಗಾಡಿ ಹೋಗುವಾಗ ಊರಿನವರೆಲ್ಲ ಮಾತು ನಿಲ್ಲಿಸಿ ಕಾಯುತ್ತಾರೆ. ನಾನು ಕಾದವನಲ್ಲ. ಈಗ ನನ್ನ ಸವಾಲಿನ ಕಟ್ಟೆಯ ಮೇಲೆ ಓಂಕಾರೇಶ ನಿಂತಿದ್ದಾನೆ. ನಾನೇ ಪಳಗಿಸಿದವನು. ಫೆಬ್ರವರಿ ಮೊದಲ ಶುಕ್ರವಾರ ಮಂಡಿಯವರು ಕೂತು, ಮುಂದಕ್ಕೆ ಕೂಗುವವರು ಯಾರು ಎಂದು ತೀರ್ಮಾನಿಸುತ್ತಾರೆ. ಅಷ್ಟರೊಳಗೆ ದನಿ ಬಂದರೆ ಕಟ್ಟೆ ನನ್ನದು. ಬರದಿದ್ದರೆ ನಾನು ಏನು ಎಂದು ನನಗೂ ಗೊತ್ತಿಲ್ಲ.

ಆಸ್ಪತ್ರೆಗೆ ಹತ್ತಿರ ಎಂದು ತಮ್ಮನ ಮಗಳು ತನುಜಾ ತಾನು ಮ್ಯಾನೇಜರಾಗಿರುವ ಕಡೆಗೇ ಕರೆತಂದಿದ್ದಾಳೆ. ಸಮುದ್ರದ ದಂಡೆಯಲ್ಲಿ ಹಳೆಯ ಹೆಂಚಿನ ಕಾರ್ಖಾನೆ. ಈಗ ಹೆಂಚು ಒಂದು ಬಿಟ್ಟು ಮಿಕ್ಕೆಲ್ಲ ಮಾಡುತ್ತಾರೆ. ಇಳಿದುಕೊಳ್ಳಲು ರೂಮು, ಕುಡಿಯಲು ಕಾಫಿ, ಮದುವೆಗೆ ಮುಂಚಿನ ಫೋಟೋ.

ಈ ಡೈರಿಯೂ ಅವಳು ಕೊಟ್ಟದ್ದೇ. "ಮಾತಾಡ್ಬೇಕು ಅನ್ನಿಸ್ದಾಗೆಲ್ಲ ಇದ್ರಲ್ಲಿ ಬರ್ಕೊಳಿ ದೊಡ್ಡಪ್ಪ, ಯಾರೂ ಓದಲ್ಲ" ಎಂದಳು. ಕೇಳುವವರಿಲ್ಲದ ಕಡೆ ನಾನು ಬಾಯಿ ತೆರೆದವನೇ ಅಲ್ಲ. ನೋಡೋಣ.

ಜನವರಿ 9, ಗುರುವಾರ

ಸಂಜೆ ಏಳಕ್ಕೆ ಹೆಂಡತಿ ಪಂಕಜಾಕ್ಷಿಯ ಫೋನು. ಅವಳಿಗೆ ಬರಲು ಆಗಿಲ್ಲ. ಅಟ್ಟದ ಕಾಯಿ ಇಳಿಸುವ ಕಾಲ, ಮನೆಗೆ ಬೀಗ ಹಾಕಿದರೆ ಕೋತಿಗಳು ಹೆಂಚು ಸರಿಸಿ ಇಳಿಯುತ್ತವೆ. ಅವಳದು ಗುಂಡಿ ಒತ್ತುವ ಸಣ್ಣ ಫೋನು, ಮೆಸೇಜು ಓದುವುದಿಲ್ಲ. ತನುಜಾ ಒಂದು ಏರ್ಪಾಟು ಮಾಡಿದಳು. ನಾನು ಬೆರಳ ಗಂಟಿನಿಂದ ಫೋನಿನ ಮೇಲೆ ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ.

"ಊಟ ಆಯ್ತಾ?"

ಒಂದು.

"ನೋವೈತಾ?"

ಎರಡು.

"ಸುಳ್ಳು."

ಇದಕ್ಕೆ ಎಷ್ಟು ತಟ್ಟಬೇಕೆಂಬುದು ಏರ್ಪಾಟಿನಲ್ಲಿಲ್ಲ. ಅವಳು ಮಾತಿನವಳಲ್ಲ. ನಮ್ಮ ಮನೆಯಲ್ಲಿ ಮಾತಿನ ಖಾತೆ ಮೊದಲಿನಿಂದ ನನ್ನ ಹೆಸರಿಗಿದೆ. "ಸರಿ ಮತ್ತೆ, ಇಡ್ಲಾ?" ಎಂದಳು. ಒಂದು ತಟ್ಟಿದೆ.

ಜನವರಿ 10, ಶುಕ್ರವಾರ

ಸವಾಲಿನ ದಿನ. ಮಾಡಲು ಕೆಲಸವಿಲ್ಲದೆ ಕಟ್ಟಡ ನೋಡಲು ಹೊರಟೆ.

ಹೆಂಚು ಸುಡುತ್ತಿದ್ದ ಗೂಡು ಮದುವೆ ಛತ್ರದಷ್ಟು ಉದ್ದ. ಒಳಗೆ ಕಮಾನು ಕಮಾನಾಗಿ ಕೋಣೆಗಳು, ಗೋಡೆ ಇನ್ನೂ ಕರ್ರಗೆ. ಒಂದೊಂದು ಕಮಾನಿನ ಕೆಳಗೂ ಎರಡು ಕುರ್ಚಿ, ಒಂದು ಮೇಜು. ಹಿಂದೆ ಮನುಷ್ಯ ಕಾಲಿಡಲಾಗದ ಬೆಂಕಿ ಇದ್ದ ಕಡೆ ಈಗ ಮನುಷ್ಯರು ಕೂತು ಕಾಫಿಯಲ್ಲಿ ಐಸು ಹಾಕಿಸಿಕೊಂಡು ಕುಡಿಯುತ್ತಾರೆ. ಮಣ್ಣು ತೆಗೆದ ಗುಂಡಿ ತಾವರೆ ಕೊಳವಾಗಿದೆ. ಚಿಮ್ನಿಗೆ ಕೆಲಸವಿಲ್ಲ, ಆದರೂ ಎಲ್ಲರೂ ಮೊದಲು ಅದರ ಫೋಟೋವನ್ನೇ ತೆಗೆಯುವುದು.

ತೋರಿಸುವವನು ದೇಜಪ್ಪ, ಇಲ್ಲಿಯ ವಾಚ್‌ಮನ್ನು. ಇವನ ಬಾಯಿ ನೋಡಿದರೆ ನನ್ನ ಕಸುಬಿನವನೇ. ಬೆಳಿಗ್ಗೆ ಬಂದ ಗುಂಪಿಗೆ ಚಿಮ್ನಿ ನೂರಿಪ್ಪತ್ತು ಅಡಿ ಎಂದ. ಮಧ್ಯಾಹ್ನದ ಗುಂಪಿಗೆ ನೂರೈವತ್ತು. ಊಟದ ಹೊತ್ತಿನಲ್ಲಿ ಇಟ್ಟಿಗೆ ಕೆಲಸ ಯಾರು ಮಾಡಿದರೋ ಕಾಣೆ.

ನಾನು ದಿಟ್ಟಿಸಿ ನೋಡಿದ್ದು ಅವನಿಗೆ ಗೊತ್ತಾಯಿತು. ಹತ್ತಿರ ಬಂದ. "ಎಂತ ಮಾಡುದು ಮಾರಾಯ್ರೆ? ನೂರಿಪ್ಪತ್ತು ಹೇಳಿದ್ರೆ ತಲೆ ಎತ್ತಿ ಸಹ ನೋಡುದಿಲ್ಲ ಅವ್ರು. ನಿಮಗೆ ಎಷ್ಟು ಬೇಕು ಹೇಳಿ, ಅಷ್ಟು ಮಾಡಿ ಕೊಡುವ."

ಉತ್ತರ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ಇಂಥ ಒಳ್ಳೆಯ ಉತ್ತರ ಹಾಳಾಗಿ ಹೋಗುವುದು ನೋಡಲಾಗುವುದಿಲ್ಲ.

ಜನವರಿ 11, ಶನಿವಾರ

ದೇಜಪ್ಪ ಮಾತಾಡಿದ. ನಾನು ಕೇಳಿದೆ. ಮತ್ತೇನಿಲ್ಲ.

ಜನವರಿ 13, ಸೋಮವಾರ

ಗೂಡಿನ ಮೇಲೆ ಒಂದು ಅಟ್ಟವಿದೆ. ಹಸಿ ಹೆಂಚು ಒಣಗಿಸಲು ಮರದ ಹಲಗೆಗಳ ಸಾಲು, ಕೆಳಗಿನ ಬೆಂಕಿಯ ಕಾವು ಮೇಲೆ ಬರಲು ಸಂದು. ಗಾಳಿ, ಕಾವು, ಕತ್ತಲೆ ಮೂರೂ ಅಳತೆಗೆ ಸರಿಯಾಗಿ. ನಾನು ತಡೆಯಲಾರದೆ ತನುಜಾಳಿಗೆ ಚೀಟಿ ಬರೆದೆ: "ಇಷ್ಟು ಒಳ್ಳೆಯ ಜಾಗ. ಕಾಯಿ ಯಾಕೆ ಹಾಕಿಲ್ಲ?"

ಅವಳು ನಕ್ಕು ನಕ್ಕು ಕೂತೇಬಿಟ್ಟಳು. "ದೊಡ್ಡಪ್ಪ, ಇದು ಆರ್ಟ್ ಗ್ಯಾಲರಿ!" ಗೋಡೆಯ ಮೇಲೆ ಚಿತ್ರಗಳಿದ್ದವು, ನಿಜ. ನಾನು ಸೂರನ್ನು ನೋಡುತ್ತಿದ್ದೆ.

ದೇಜಪ್ಪನಿಗೆ ಅದು ಇನ್ನೂ ದೊಡ್ಡ ತಮಾಷೆ. "ಇಡೀ ಕಾಯಿ ಅಟ್ಟದಲ್ಲಿಡುದಾ? ಇಲ್ಲಿಯ ಹವೆಗೆ ಎರಡು ತಿಂಗಳಲ್ಲಿ ಕೊಳೆತು ನಾರ್ತದೆ. ನಾವು ಒಡೆದು ಬಿಸಿಲಿಗೆ ಹಾಕುದು." ನಮ್ಮ ಗುಂಡು ಕೊಬ್ಬರಿಯ ವಿಷಯ ಇವರಿಗೆ ಗೊತ್ತಿಲ್ಲ. ಸಿಪ್ಪೆ ಸಮೇತ ಕಾಯನ್ನು ಅಟ್ಟಕ್ಕೇರಿಸಿ ಮರೆತುಬಿಡಬೇಕು. ಹತ್ತು ತಿಂಗಳಲ್ಲಿ ನೀರು ಇಂಗಿ, ಕೊಬ್ಬರಿ ಕರಟದಿಂದ ಬಿಡಿಸಿಕೊಂಡು ಒಳಗೇ ಉರುಳಾಡುತ್ತದೆ. ಅಲ್ಲಾಡಿಸಿ ಕಿವಿಗೆ ಹಿಡಿದರೆ ಸದ್ದೇ ಹೇಳುತ್ತದೆ. ಒಡೆದು ನೋಡುವವನು ನಮ್ಮಲ್ಲಿ ವ್ಯಾಪಾರಿ ಅಲ್ಲ.

ಆ ಅಟ್ಟದ ಸೂರಿನ ಹೆಂಚುಗಳ ಒಳಮೈ ಮೇಲೆ ಜೋಡಿ ಮೀನಿನ ಅಚ್ಚು ಇದೆ. ಇದನ್ನು ಎಲ್ಲೋ ನೋಡಿದ್ದೇನೆ.

ಸಂಜೆ ಪಂಕಜಾಕ್ಷಿಯ ಫೋನು. "ಹತ್ತು ಕಾಯಿ ಇಳಿಸಿವ್ನಿ. ಆಗೈತೋ ಇಲ್ವೋ ನೀವೇ ಹೇಳ್ಬೇಕು. ಫೋನ್ ಪಕ್ಕ ಅಲ್ಲಾಡಿಸ್ಲಾ?"

ಒಂದು ತಟ್ಟಿದೆ. ಅಲ್ಲಿ ಅವಳು ಅಲ್ಲಾಡಿಸಿದಳು, ಇಲ್ಲಿ ನಾನು ಕಿವಿ ಒತ್ತಿ ಕೇಳಿದೆ. ಗಡಗಡ ಎಂದದ್ದಕ್ಕೆ ಒಂದು, ಲೊಳಲೊಳ ಎಂದದ್ದಕ್ಕೆ ಎರಡು. ಆರನೆಯದಕ್ಕೆ ಸರಿಯಾಗಿ ಇಲ್ಲಿ ಕಾರ್ಖಾನೆಯ ಸೀಟಿ ಹೊಡೆಯಿತು, ಅಂದಾಜಿನಲ್ಲಿ ಒಂದು ತಟ್ಟಿದೆ. ಅವಳು ಅದನ್ನು ಅಲ್ಲೇ ಒಡೆದಳು. "ನೀರೈತೆ ಕಣ್ರೀ. ಎರಡ್ ತಟ್ಬೇಕಿತ್ತು."

ಇಷ್ಟು ವರ್ಷದಲ್ಲಿ ನನ್ನ ಕಿವಿಗೆ ಯಾರೂ ತಪ್ಪು ಹಾಕಿರಲಿಲ್ಲ. ತಪ್ಪು ಸೀಟಿಯದು.

ಜನವರಿ 14, ಮಂಗಳವಾರ

ಸಂಕ್ರಾಂತಿ. ತನುಜಾ ಎಳ್ಳು ಬೆಲ್ಲ ಕೊಟ್ಟು, "ಒಳ್ಳೆ ಮಾತಾಡಿ ಅಂತ ಮಾತ್ರ ಹೇಳಲ್ಲ ದೊಡ್ಡಪ್ಪ" ಎಂದಳು. ನಮ್ಮ ವಂಶದ ಬಾಯಿ ಅವಳಿಗೂ ಬಂದಿದೆ.

ಆ ಸೀಟಿಯ ವಿಚಾರ. ನಿಜವಾದ ಸೀಟಿ ಹಿತ್ತಾಳೆಯದು, ಹಬೆಯಿಂದ ಕೂಗುತ್ತಿದ್ದದ್ದು. ಬಾಗಿಲ ಬಳಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅದು ಕೂಗಿದರೆ ಇಡೀ ಊರು ಕೆಲಸಕ್ಕೆ ಏಳುತ್ತಿತ್ತು ಎಂದು ಬೋರ್ಡಿದೆ. ಈಗ ಸಂಜೆ ಏಳು ದಾಟುತ್ತಲೇ ಅತಿಥಿಗಳ ಖುಷಿಗೆ ಸ್ಪೀಕರಿನಲ್ಲಿ ಹಾಕುವುದು ರೆಕಾರ್ಡು. ಅದು ಈ ಸೀಟಿಯ ದನಿಯೂ ಅಲ್ಲ. ಯಾವುದೋ ದೇಶದ ಯಾವುದೋ ಗಿರಣಿಯದು, ಇಂಟರ್ನೆಟ್ಟಿನಲ್ಲಿ ಸಿಕ್ಕಿತು ಎಂದು ತನುಜಾ ಒಪ್ಪಿಕೊಂಡಳು. ಪೆಟ್ಟಿಗೆಯೊಳಗಿನ ಸೀಟಿ ಎದುರಿಗೇ ಕೂತು ಕೇಳಿಸಿಕೊಳ್ಳುತ್ತದೆ.

ರಾತ್ರಿಯ ಅಡುಗೆಗೆ ಮುಂಚೆ ಪಂಕಜಾಕ್ಷಿ ಫೋನು ಮಾಡಿದಳು. "ಅದೇನ್ರೀ ಹಿಂದ್ಗಡೆ ಸದ್ದು? ಸಮುದ್ರನಾ?"

ಒಂದು.

"ಒಸಿ ಹತ್ರ ಹಿಡೀರಿ."

ಕಲ್ಲಿನ ಕಟ್ಟೆಯ ತನಕ ಹೋಗಿ ಫೋನನ್ನು ನೀರಿನ ಕಡೆ ಚಾಚಿ ಹಿಡಿದು ನಿಂತೆ. ನೋಡಿದವರು ನನಗೆ ಗಂಟಲಲ್ಲ, ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಕೈ ನೋಯುವ ತನಕ ಹಿಡಿದು ಮತ್ತೆ ಕಿವಿಗಿಟ್ಟುಕೊಂಡೆ.

"ನಮ್ ಯಾರ್ಡಲ್ಲಿ ಗೂಡ್ಸ್ ಶಂಟಿಂಗ್ ಮಾಡ್ದಂಗೈತೆ" ಎಂದಳು. "ಆದ್ರೆ ಇದು ನಿಲ್ಲಲ್ಲ, ಅಲ್ವಾ?"

ಒಂದು.

ಜನವರಿ 17, ಶುಕ್ರವಾರ

ಪಂಕಜಾಕ್ಷಿ ಮಂಡಿಯ ವರದಿ ಕೊಟ್ಟಳು. ಕೇಳಿಕೊಂಡು ಬರಲು ತಾನೇ ಹೋಗಿದ್ದಳಂತೆ. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಅವಳು ಸವಾಲಿಗೆ ಬಂದದ್ದು ನನಗೆ ನೆನಪಿಲ್ಲ.

"ಓಂಕಾರೇಶ ಮೈಕ್ ತಂದವ್ನೆ ಕಣ್ರೀ. ಎದೆಗೆ ಒಂದು ಡಬ್ಬ ಕಟ್ಕೊಂಡವ್ನೆ, ಬಸ್‌ಸ್ಟ್ಯಾಂಡಲ್ಲಿ ಇಲಿ ಪಾಷಾಣ ಮಾರೋರ ಥರ. ಮಂಡಿ ಸಾವ್ಕಾರ್ರು ನಂಜುಂಡಪ್ಪನವ್ರು ಕೇಳುದ್ರು, ಏನಪ್ಪಾ, ತೀರ್ಥಪ್ಪಂಗೆ ಇದ್ಯಾವ್ದೂ ಬೇಕಿರ್ಲಿಲ್ವಲ್ಲ ಅಂತ. ಅದಕ್ಕವ್ನು, ಅವ್ರ ಗಂಟ್ಲು ಹೋಗಿದ್ದೇ ಅದಕ್ಕೆ ಸಾರ್ ಅಂದ."

ಬಡ್ಡೀಮಗ. ಮೈಕಿದ್ದರೆ ಕೋಳಿಯೂ ಸವಾಲು ಕೂಗುತ್ತದೆ.

ಆಮೇಲೆ ಎಂದಿನಂತೆ ಕಾಯಿ. ಅಲ್ಲಾಡಿಸಿದಳು, ತಟ್ಟಿದೆ, ಅಲ್ಲಾಡಿಸಿದಳು, ತಟ್ಟಿದೆ. ನಡುವೆ ತಾನಾಗಿಯೇ ಹೇಳಿದಳು: "ನಿಜ ಹೇಳ್ಬೇಕು ಅಂದ್ರೆ ನೀವು ತಟ್ಟೋ ಮುಂಚೆನೇ ಯಾವ್ ಬುಟ್ಟಿಗೋ ಅದಕ್ಕೆ ಹಾಕ್ಬಿಟ್ಟಿರ್ತೀನಿ. ಸುಮ್ನೆ ನಿಮಗೆ ಕೇಳಿಸ್ತೀನಿ ಅಷ್ಟೆಯ."

ಯಾಕೆ ಎಂದು ತಟ್ಟುವುದು ಹೇಗೆ?

"ಮತ್ತೇನ್ ಮಾಡ್ತೀರಿ ಪಾಪ ಅಲ್ಲಿ ಕುತ್ಕೊಂಡು?" ಎಂದಳು.

ಮೊನ್ನೆಯಿಂದ ಅವಳ ಬುಟ್ಟಿಗೂ ನನ್ನ ತಟ್ಟಿಗೂ ಎಷ್ಟು ತಾಳೆಯಾಗಿದೆ ಎಂದು ಕೇಳಬೇಕೆಂದಿದ್ದೆ. ಅದನ್ನೂ ಬರೀ ಹೌದು-ಇಲ್ಲಗಳಲ್ಲಿ ಕೇಳಲು ಬರುವುದಿಲ್ಲ.

ಜನವರಿ 20, ಸೋಮವಾರ

ಗಂಟು ಶುದ್ಧ. ಕೆಟ್ಟ ಕಾಯಿಲೆ ಅಲ್ಲ. ಡಾಕ್ಟರು ಕೈ ಕುಲುಕಿದರು. ತನುಜಾ ಕಾರಿಡಾರಿನಲ್ಲಿ ಅತ್ತಳು. ನಾನು ಅವಳಿಗೆ ಕರ್ಚೀಫು ಕೊಟ್ಟೆ. ದನಿಯ ಪರೀಕ್ಷೆ ಇಪ್ಪತ್ತೊಂಬತ್ತಕ್ಕೆ. ಅಲ್ಲಿಯ ತನಕ ಹೀಗೇ.

ಪಂಕಜಾಕ್ಷಿಗೆ ತನುಜಾನೇ ಫೋನಿನಲ್ಲಿ ಹೇಳಿ ನನ್ನ ಕೈಗೆ ಕೊಟ್ಟಳು. ನಾನೇ ಒಂದು ತಟ್ಟಿದೆ. ಅಲ್ಲಿಂದ ಒಂದು ತಟ್ಟು ವಾಪಸು ಬಂತು. ಉಂಗುರದಿಂದ ತಟ್ಟಿರಬೇಕು, ಟಣ್ ಎಂದಿತು. ಅಷ್ಟಕ್ಕೇ ಫೋನು ಇಟ್ಟಳು.

ಮಂಡಿಯ ಕಟ್ಟೆಯ ಮೇಲೆ ನಿಂತು ಮೊದಲು ಹೇಳಬೇಕಾದ ಮಾತು ತಯಾರಾಗಿದೆ: "ಯಾರಪ್ಪಾ ಅದು ಹಿಂದೆ ನಿಂತಿರೋದು? ಕಾಯಿ ನೋಡಾಕ್ ಬಂದ್ಯೋ, ನನ್ ನೋಡಾಕ್ ಬಂದ್ಯೋ?" ಇದಕ್ಕೆ ನಗದವರು ನಮ್ಮ ಮಂಡಿಯಲ್ಲಿಲ್ಲ.

ಜನವರಿ 23, ಗುರುವಾರ

ಗೂಡಿನಿಂದ ಚಿಮ್ನಿಗೆ ನೆಲದ ಕೆಳಗೆ ಹೊಗೆ ಸುರಂಗವಿದೆ. ಆಳೆತ್ತರ, ಇಟ್ಟಿಗೆಯ ಕಮಾನು. ಅತಿಥಿಗಳಿಗೆ ತೋರಿಸುವುದಿಲ್ಲ. ದೇಜಪ್ಪ ನನಗೆ ಬೀಗ ತೆಗೆದ. ಮೂಗಿಗೆ ಟವೆಲು ಕಟ್ಟಿಕೊಂಡು ಒಳಗೆ ಹೋದೆ.

ನನ್ನನ್ನು ಚಿಮ್ನಿಯ ಬುಡದಲ್ಲಿ ನಿಲ್ಲಿಸಿ ತಾನು ಆ ಕೊನೆಗೆ ಹೋದ. ಕಾಣುವುದಿಲ್ಲ. ಆದರೆ ಅವನು ಮೆಲ್ಲಗೆ ಆಡಿದ ಮಾತು ನನ್ನ ಕಿವಿಯ ಪಕ್ಕದಲ್ಲೇ ಕೇಳಿತು, ಅವನಿಗಿಂತ ದೊಡ್ಡವನ ದನಿಯಲ್ಲಿ.

"ಅಣ್ಣೇರೆ, ಚಿಮ್ನಿ ಎಷ್ಟು ಅಡಿ ಅಂತ ನಂಗೆ ಗೊತ್ತಿಲ್ಲ. ಯಾರೂ ಅಳೆದದ್ದಿಲ್ಲ."

ತಲೆ ಎತ್ತಿದೆ. ಮೇಲೆ ರೂಪಾಯಿಯಷ್ಟಗಲ ಆಕಾಶ.

ಹೊರಗೆ ಬಂದ ಮೇಲೆ ಅವನು ಬೀಡಿ ಹಚ್ಚಿದ. "ನಿಮ್ಮ ಹತ್ರ ಮಾತಾಡುದು ಒಳ್ಳೆದಾಗ್ತದೆ. ಬೇರೆಯವರು ನಡುವಲ್ಲಿ ಅವರದ್ದು ಶುರು ಮಾಡ್ತಾರೆ." ಇದನ್ನು ಹೊಗಳಿಕೆಯ ಬಾಬ್ತಿಗೆ ಹಾಕಬೇಕೋ ಬೇಡವೋ ತೀರ್ಮಾನವಾಗಲಿಲ್ಲ.

ಜನವರಿ 25, ಶನಿವಾರ

ಇವತ್ತಿನ ಫೋನನ್ನು ಇದ್ದ ಹಾಗೆಯೇ ಬರೆದಿಡುತ್ತೇನೆ.

ಕೊನೆಯ ಬುಟ್ಟಿ ಇಳಿಸಿ, ಅವಳು ಖಾಲಿ ಅಟ್ಟದಲ್ಲೇ ಕೂತು ಫೋನು ಮಾಡಿದ್ದಳು. ಸೆಖೆ ಎಂದಳು. ಕೋತಿ ಸರಿಸಿದ ಹೆಂಚು ಕೂರಿಸಿದೆ ಎಂದಳು. ಆಮೇಲೆ:

"ಈ ಹೆಂಚಿನ ಒಳಗಡೆ ಜೋಡಿ ಮೀನೈತಲ್ಲ, ನೀವ್ ನೋಡಿದ್ರಾ?"

ಎಲ್ಲಿ ನೋಡಿದ್ದೆ ಎಂದು ಇಷ್ಟು ದಿನ ಹುಡುಕುತ್ತಿದ್ದದ್ದು ನನ್ನ ಮನೆಯ ಸೂರೇ! ಒಂದು ತಟ್ಟಿದೆ, ಜೋರಾಗಿ.

"ಮದ್ವೆಯಾಗಿ ಬಂದ ಹೊಸದ್ರಲ್ಲಿ, ನಾವಿನ್ನೂ ಇಲ್ಲೇ ಬಾಡಿಗೆಗಿದ್ವಲ್ಲ, ಆಗ ಮಲ್ಕೊಂಡ್ ಅದನ್ನೇ ನೋಡ್ತಿದ್ದೆ. ಹೆಂಚು ಎಲ್ಲಿಂದ ಬತ್ತದೆ ಅಂತ ಅತ್ತೆನ ಕೇಳ್ದೆ. ಸಮುದ್ರದ ಕಡೆಯಿಂದ ಕಣೇ, ರೈಲಲ್ಲಿ ಬತ್ತವೆ ಅಂದ್ರು. ಅವ್ರಿಗೇನ್ ಗೊತ್ತು ಪಾಪ. ನಾನು ಅಂದ್ಕೊಂಡೆ, ಹೆಂಚು ತಂದ ರೈಲು ಖಾಲಿಯಾದ್ಮೇಲೆ ವಾಪಸ್ ಸಮುದ್ರಕ್ಕೇ ತಾನೆ ಹೋಗ್ಬೇಕು? ಹತ್ತಿ ಕುಂತ್ರೆ ಆಯ್ತು."

ನಾನು ಕಟ್ಟೆಯ ಮೇಲೆ ಕೂತೆ.

"ಒಂದಿನ ಯಾರಿಗೂ ಹೇಳ್ದೆ ಹೊಂಟ್ಬಿಟ್ಟೆ ಕಣ್ರೀ. ಯಾವ ರೈಲು ಅಂತ ಒಬ್ಬ ಮುದುಕನ್ನ ಕೇಳ್ದೆ. ತಾಳಗುಪ್ಪದ ಗಾಡಿ ಹತ್ತಮ್ಮ, ಅದರ ಕೊನೇ ಸ್ಟೇಷನ್ ಆದ್ಮೇಲೆ ಘಟ್ಟ, ಘಟ್ಟದ್ ಕೆಳ್ಗೆ ಸಮುದ್ರ ಅಂದ. ಟಿಕೆಟ್ ತಗೊಂಡೆ. ನೀವು ಆ ಕಡೆ ಪ್ಲಾಟ್‌ಫಾರಮ್ಮಲ್ಲಿ ಮೂಟೆ ಇಳಿಸ್ತಿದ್ರಿ. ಜೋರಾಗಿ ಮಾತಾಡ್ತಿದ್ರಿ, ನಾಲ್ಕು ಜನ ನಗ್ತಾ ಇದ್ರು. ನಾನು ಸೆರಗು ಹೊದ್ಕೊಂಡು ಕಂಬದ ಹಿಂದೆ ನಿಂತಿದ್ದೆ. ನೀವು ಈ ಕಡೆ ತಿರುಗ್ಲೇ ಇಲ್ಲ."

ಎರಡು ತಟ್ಟಿದೆ. ಯಾವುದಕ್ಕೆ ಇಲ್ಲ ಎಂದೆನೋ ಗೊತ್ತಿಲ್ಲ.

"ಗಾಡಿ ಹೊಂಟ್ತು. ತರೀಕೆರೆ ಬಂತು. ತರೀಕೆರೆಲಿ ಎದುರಿನ ಸೀಟಿಗೆ ಒಬ್ಬಳು ಹತ್ತುದ್ಲು, ನನ್ ವಯಸ್ಸಿನೋಳೇ, ಅವಳ ಕೈಲಿ... ಅಯ್ಯೋ, ಹಾಲು! ಹಾಲು ಉಕ್ಕಿ ಹೋಯ್ತು ಕಣ್ರೀ, ಒಲೆ ಮೇಲಿಟ್ಟು ಅಟ್ಟ ಹತ್ತಿವ್ನಿ..."

ಏಣಿಯ ಸದ್ದು. ಫೋನು ಕಟ್ಟಾಯಿತು.

ಕಾದೆ. ಮತ್ತೆ ಬರಲಿಲ್ಲ.

ಜನವರಿ 26, ಭಾನುವಾರ

ಅಂಗಳದಲ್ಲಿ ಬಾವುಟ ಹಾರಿಸಿದರು. ದೇಜಪ್ಪ ಚಿಮ್ನಿಯನ್ನು ನೂರೆಂಬತ್ತಕ್ಕೆ ಏರಿಸಿದ. ಬೀರೂರಿನ ಫೋನು ಸ್ವಿಚ್ ಆಫ್. ಚಾರ್ಜಿಗೆ ಹಾಕುವುದು ಮರೆತಿರುತ್ತಾಳೆ.

ಅವಳ ಕೈಲಿ ಏನು?

ಜನವರಿ 27, ಸೋಮವಾರ

ಫೋನು ಬಂತು. ಆದರೆ ಪಕ್ಕದಲ್ಲಿ ಎದುರುಮನೆಯ ಪ್ರೇಮಮ್ಮ ಕೂತಿದ್ದಾಳೆ. ಈರುಳ್ಳಿ ಸಸಿ, ಅಜ್ಜಂಪುರದ ಬೀಗರ ಮೊಣಕಾಲು ನೋವು, ಪ್ರೇಮಮ್ಮನ ಸೊಸೆ. ಈ ಸರಕಿನಲ್ಲಿ ತಾಳಗುಪ್ಪದ ಗಾಡಿಗೆ ಸಿಗ್ನಲ್ಲೇ ಇಲ್ಲ.

ಹೌದು ಮತ್ತು ಇಲ್ಲ, ಎರಡೇ ಕೊಟ್ಟು ತನುಜಾ ನನಗೆ ಮೋಸ ಮಾಡಿದ್ದಾಳೆ. "ಮುಂದಕ್ಕೆ ಹೇಳು" ಎನ್ನುವುದಕ್ಕೆ ಒಂದು ತಟ್ಟು ಇಟ್ಟಿಲ್ಲ. ಕೊನೆಗೆ ಮೂರು ಸಲ ತಟ್ಟಿದೆ.

"ಇದೇನ್ರೀ ಮೂರು? ಕೈ ಏನಾದ್ರೂ ನಡುಗ್ತೈತಾ?"

ಎರಡು ತಟ್ಟಿ ಇಟ್ಟೆ.

ತನುಜಾಳಿಗೆ ಚೀಟಿ ಬರೆದು ಅವಳ ಫೋನಿನಿಂದ ಕೇಳಿಸಬಹುದಿತ್ತು. "ನಿಮ್ಮ ದೊಡ್ಡಮ್ಮ ರೈಲಿನಲ್ಲಿ ಎಲ್ಲಿಯ ತನಕ ಹೋಗಿದ್ದಳು ಎಂದು ಕೇಳು." ಬರೆದೆ. ಓದಿ ನೋಡಿದೆ. ಹರಿದೆ. ಮೂರನೆಯವರ ಬಾಯಲ್ಲಿ ಕೇಳಿಸುವ ಮಾತಲ್ಲ.

ಜನವರಿ 28, ಮಂಗಳವಾರ

ಅಟ್ಟದ ಗ್ಯಾಲರಿಯಲ್ಲಿ ಕೂತು ಸೂರಿನ ಮೀನು ನೋಡಿದೆ. ಎರಡೂ ಒಂದೇ ದಿಕ್ಕಿಗೆ ಮುಖ ಮಾಡಿವೆ. ಮಲಗಿಕೊಂಡರೆ ಹೇಗೆ ಕಾಣುತ್ತದೆ ಎಂದು ಹಲಗೆಯ ಮೇಲೆ ಮಲಗಿಯೂ ನೋಡಿದೆ. ಚಿತ್ರ ನೋಡಲು ಬಂದ ಒಂದು ಜೋಡಿ ನನ್ನನ್ನೂ ಪ್ರದರ್ಶನದ ಭಾಗ ಎಂದುಕೊಂಡು ಸದ್ದು ಮಾಡದೆ ಸುತ್ತ ನಡೆದುಹೋದರು.

ಸಂಜೆ ಅವಳ ಫೋನು ಬಂತು, ಆದರೆ ಕಾಯಿ ತುಂಬಿಕೊಳ್ಳಲು ಲಾರಿ ಬಂದು ನಿಂತಿತ್ತಂತೆ. "ನಾಳೆ ಮಾಡ್ತೀನಿ, ನಾಳೆ ನಿಮ್ದೂ ಗೊತ್ತಾಯ್ತದಲ್ಲ" ಎಂದಳು.

ನನ್ನದು ಏನು ಎಂದು ಒಂದು ಗಳಿಗೆ ಹೊಳೆಯಲಿಲ್ಲ. ದನಿ.

ಜನವರಿ 29, ಬುಧವಾರ

ಡಾಕ್ಟರು ಕೊಳವೆಯಲ್ಲಿ ನೋಡಿ, "ಏನಾದ್ರೂ ಹೇಳಿ" ಎಂದರು. ಕೋಳಿ, ಮಂಡಿ, ಹಿಂದೆ ನಿಂತವನು, ಇಷ್ಟು ದಿನ ತಯಾರಿ ಮಾಡಿಟ್ಟ ಮಾತು ಒಂದೂ ಬಾಯಿಗೆ ಬರಲಿಲ್ಲ. "ಬಂತಾ?" ಎಂದೆ.

ಬಂದಿತ್ತು. ಆದರೆ ನನ್ನದಲ್ಲ. ಸಣ್ಣದು, ಒಣಗಿದ ತೆಂಗಿನ ಗರಿಯನ್ನು ಎಳೆದಂತೆ. ಮೇಜಿನ ಆಚೆ ಇದ್ದವರಿಗೆ ಸಾಕು, ಬಾಗಿಲ ತನಕ ಹೋಗುವುದಿಲ್ಲ.

"ಇವತ್ತಿಂದ ಮಾತಾಡಿ, ಆರಾಮಾಗಿ" ಎಂದರು. "ಆದ್ರೆ ಕೂಗೋ ಹಾಗಿಲ್ಲ."

"ಎಷ್ಟು ದಿನ?"

"ಇನ್ಮೇಲೆ ಕೂಗೋದು ಇಲ್ಲ ಅಂತಾನೇ ಇಟ್ಕೊಳ್ಳಿ ತೀರ್ಥಪ್ಪನವ್ರೆ."

ಇಟ್ಟುಕೊಂಡೆ.

ವಾಪಸು ಬಂದು ದೇಜಪ್ಪನಿಂದ ಸುರಂಗದ ಬೀಗದಕೈ ಇಸಿದುಕೊಂಡೆ. ಯಾಕೆ ಎಂದು ಅವನು ಕೇಳಲಿಲ್ಲ, ಜೊತೆಗೂ ಬರಲಿಲ್ಲ. ಚಿಮ್ನಿಯ ಬುಡದಲ್ಲಿ ನಿಂತು, ಡಾಕ್ಟರು ಹೇಳಿದಷ್ಟೇ ಅಳತೆಯಲ್ಲಿ, "ಒಂದನೇ ಸಾರಿ" ಎಂದೆ. ಇಟ್ಟಿಗೆಗಳು ಅದನ್ನು ತೆಗೆದುಕೊಂಡು ಆ ಕೊನೆಗೆ ಹೋಗಿ ದೊಡ್ಡದು ಮಾಡಿ ತಂದುಕೊಟ್ಟವು. ಮಂಡಿಯ ಕಟ್ಟೆಯ ಮೇಲಿನ ದನಿ, ಅದೇ. "ಎರಡನೇ ಸಾರಿ" ಎಂದೆ. ಅದೂ ಬಂತು. ಮೂರನೇ ಸಾರಿ ಎಂದರೆ ಸರಕು ಕೈಬಿಟ್ಟಂತೆ. ಎದುರಿಗೆ ಕೊಳ್ಳುವವರು ಯಾರೂ ಇರಲಿಲ್ಲ. ಹೊರಗೆ ಬಂದು ಬೀಗ ಹಾಕಿದೆ.

ತನುಜಾಳ ಫೋನಿನಿಂದ ಓಂಕಾರೇಶನಿಗೆ ಮೆಸೇಜು ಹಾಕಿಸಿದೆ: "ಮುಂದಕ್ಕೂ ನೀನೇ ಕೂಗು. ಮಂಡಿಯವರಿಗೆ ನಾನು ತಿಳಿಸುತ್ತೇನೆ. ಮೈಕಿನ ವಾಲ್ಯೂಮು ಅರ್ಧಕ್ಕೆ ಇಳಿಸು, ಹತ್ತಿರದವರು ಓಡಿಹೋಗುತ್ತಾರೆ." ಟೈಪು ಮುಗಿಸಿ ಅವಳು ಎಷ್ಟೋ ಹೊತ್ತು ನನ್ನ ಮುಖ ನೋಡುತ್ತಿದ್ದಳು. ನೋಡಲು ಅಲ್ಲಿ ವಿಶೇಷವೇನೂ ಇರಲಿಲ್ಲ.

"ದೊಡ್ಡಮ್ಮಂಗೆ ಫೋನ್ ಮಾಡಿ ಹೇಳ್ಲಾ, ದನಿ ಬಂತು ಅಂತ?"

"ಬೇಡ, ನಾನೇ ಹೇಳ್ತೀನಿ" ಎಂದೆ. ಮುಂದಿನ ವಾರಕ್ಕೂ ರೂಮು ಖಾಲಿ ಇದೆಯೇ ಎಂದೂ ಕೇಳಿದೆ. ಅಟ್ಟ ಈಗ ಖಾಲಿ, ಪಂಕಜಾಕ್ಷಿ ಮನೆಗೆ ಬೀಗ ಹಾಕಿ ಬರಬಹುದು. ಕೋತಿ ಬಂದರೆ ಪ್ರೇಮಮ್ಮ ನೋಡಿಕೊಳ್ಳಲಿ. ಬೀರೂರಿನಿಂದ ಇಲ್ಲಿಗೆ ಬಸ್ಸಿನಲ್ಲಿ ಒಂದು ಹಗಲಿನ ದಾರಿ.

ಏಳಕ್ಕೆ ಮುಂಚೆಯೇ ಹೋಗಿ ಕಲ್ಲಿನ ಕಟ್ಟೆಯ ಮೇಲೆ ಕೂತೆ. ಸುರಂಗದಲ್ಲಿ ಎರಡು ಮಾತಾಡಿ ಗಂಟಲು ದಣಿದಿತ್ತು. ಒಂದು ದಿನ ಹೆಚ್ಚಿಗೆ ವಿಶ್ರಾಂತಿ ಕೊಟ್ಟರೆ ನಷ್ಟವೇನಿಲ್ಲ.

ಫೋನು ಬಂತು. ಹಿಂದೆ ಪ್ರೇಮಮ್ಮನ ದನಿ ಇಲ್ಲ, ಲಾರಿ ಇಲ್ಲ.

"ಏನಂದ್ರು ಡಾಕ್ಟ್ರು? ಮಾತಾಡ್ಬೋದಂತಾ?"

ಎರಡು ಸಲ ತಟ್ಟಿದೆ.

ಆ ಕಡೆ ಒಂದು ಉಸಿರು. "ಹೋಗ್ಲಿ ಬಿಡಿ. ಇನ್ನೊಂದೆರಡು ದಿನ ತಾನೆ" ಎಂದಳು. ಏನೋ ಎಳೆದುಕೊಂಡು ಕೂತ ಸದ್ದಾಯಿತು, ಮಣೆ ಇರಬೇಕು. "ಎಲ್ಲಿಗ್ ನಿಲ್ಸಿದ್ದೆ ನಾನು? ತರೀಕೆರೆ ಅಲ್ವಾ?"

ಒಂದು.